ತಲೆ ಬಾಗಿದ್ದು ಕಂಡಿತು, ಕಡತ ಎಲ್ಲಿದೆ?

2011ರ ಮೇ 17ರಂದು ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಐರ್ಲೆಂಡಿಗೆ ಬಂದಿಳಿದರು. ಮೈಮೇಲೆ ಹಸಿರು ಉಡುಪು, ತಲೆಗೆ ಹಸಿರು ಟೋಪಿ. ಹಸಿರು ಐರ್ಲೆಂಡಿನ ಬಣ್ಣ. ವಿಮಾನ ಇಳಿದದ್ದು ಡಬ್ಲಿನ್ ಹೊರಗಿನ ಕೇಸ್‌ಮೆಂಟ್ ವಾಯುನೆಲೆಯಲ್ಲಿ. ರೋಜರ್ ಕೇಸ್‌ಮೆಂಟ್ ಎಂಬಾತನನ್ನು ಇದೇ ರಾಣಿಯ ಅಜ್ಜನ ಆಳ್ವಿಕೆಯಲ್ಲಿ, 1916ರ ಆಗಸ್ಟ್‌ನಲ್ಲಿ, ದೇಶದ್ರೋಹದ ಆರೋಪ ಹೊರಿಸಿ ಲಂಡನ್ನಿನ ಜೈಲಿನಲ್ಲಿ ನೇಣಿಗೆ ಹಾಕಲಾಗಿತ್ತು. ಆತನ ಹೆಸರಿನ ನೆಲೆಯಲ್ಲೇ ಮೊಮ್ಮಗಳ ವಿಮಾನ ಇಳಿಯಿತು.

ಅದೇ ದಿನ ರಾಣಿ ಡಬ್ಲಿನ್ನಿನ ಗಾರ್ಡನ್ ಆಫ್ ರಿಮೆಂಬ್ರೆನ್ಸ್‌ಗೆ ಹೋದರು. ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವರ ಸ್ಮಾರಕ ಅದು. ಅಲ್ಲಿ ಹೂವಿನ ಹಾರ ಇಟ್ಟು ತಲೆ ಬಾಗಿಸಿದರು. ಸ್ವತಂತ್ರ ಐರ್ಲೆಂಡಿಗೆ ಬ್ರಿಟನ್ನಿನ ರಾಜಮನೆತನದ ಮುಖ್ಯಸ್ಥರು ಬಂದದ್ದು ಅದೇ ಮೊದಲು. ಅದಕ್ಕೂ ಹಿಂದೆ ಬಂದಿದ್ದವರು 1911ರಲ್ಲಿ ಐದನೇ ಜಾರ್ಜ್. ಸರಿಯಾಗಿ ನೂರು ವರ್ಷ.

ಆ ಬಾಗಿದ ತಲೆಯ ಫೋಟೊ ಜಗತ್ತಿನೆಲ್ಲೆಡೆ ಅಚ್ಚಾಯಿತು. 2022ರಲ್ಲಿ ರಾಣಿ ತೀರಿಕೊಂಡಾಗ ಮತ್ತೆ ಅದೇ ಫೋಟೊ ಬಂತು. ಫೋಟೊದ ಕೆಳಗಿನ ಮಾತೂ ಹೆಚ್ಚುಕಡಿಮೆ ಒಂದೇ: ಎಂಟುನೂರು ವರ್ಷಗಳ ಜಗಳ ಮುಗಿಯಿತು, ಗಾಯ ಮಾಯಿತು, ಇನ್ನು ಹಳೆಯದನ್ನು ಕೆದಕಬೇಡಿ.

ನಮ್ಮ ತಕರಾರು ಆ ಫೋಟೊದ ಮೇಲಲ್ಲ, ಅದರ ಕೆಳಗೆ ಬರೆದ ಸಾಲಿನ ಮೇಲೆ.

ಮೊದಲೇ ಹೇಳಿಬಿಡುತ್ತೇವೆ. ರಾಣಿ ಡಬ್ಲಿನ್ನಿಗೆ ಬರಬಾರದಿತ್ತು ಎನ್ನುವವರ ಗುಂಪಿನಲ್ಲಿ ನಾವಿಲ್ಲ. ಆ ಭೇಟಿಯ ಹಿಂದಿನ ರಾತ್ರಿ ಮೇನೂತ್ ಊರಿನ ಬಳಿ ಬಸ್ಸೊಂದರ ಲಗೇಜಿನಲ್ಲಿ ಬಾಂಬ್ ಸಿಕ್ಕಿತ್ತು. ಬಸ್ಸಿನಲ್ಲಿದ್ದವರು ರಾಜರಲ್ಲ, ಟಿಕೆಟ್ ತೆಗೆದುಕೊಂಡು ಊರಿಗೆ ಹೊರಟಿದ್ದ ಜನ. ಅದನ್ನು ಇಟ್ಟವರಿಗೆ ಇತಿಹಾಸದ ಹೆಸರು ಹೇಳುವ ಯೋಗ್ಯತೆ ಇಲ್ಲ.

ಭೇಟಿಯಿಂದ ಒಳ್ಳೆಯದೇನೂ ಆಗಲಿಲ್ಲ ಎಂದೂ ನಾವು ಹೇಳುವುದಿಲ್ಲ. ಆಹ್ವಾನ ಕೊಟ್ಟ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಬೆಲ್‌ಫಾಸ್ಟಿನ ಆರ್ಡಾಯ್ನ್ ಎಂಬ ಬಡಾವಣೆಯಲ್ಲಿ ಹುಟ್ಟಿ ಬೆಳೆದವರು. ಗಲಭೆಯ ಕಾಲದಲ್ಲಿ ಬ್ರಿಟಿಷ್ ಪರ ಗುಂಪುಗಳು ಮನೆಯ ಮೇಲೆ ದಾಳಿ ಮಾಡಿದ್ದರಿಂದ ಅವರ ಕುಟುಂಬ ಊರು ಬಿಡಬೇಕಾಯಿತು. ಪೆಟ್ಟು ತಿಂದ ಮನೆಯ ಮಗಳೇ ಕೈ ಚಾಚಿದಾಗ, ದೂರದಲ್ಲಿ ಕೂತ ನಾವು ಮೂಗು ಮುರಿಯುವುದು ಸಣ್ಣತನ. ಮೇ 18ರ ರಾತ್ರಿ ಡಬ್ಲಿನ್ ಕೋಟೆಯ ಔತಣದಲ್ಲಿ ರಾಣಿ ಐರಿಷ್ ಭಾಷೆಯಲ್ಲಿ ಮಾತು ಶುರು ಮಾಡಿದರು, ಅಧ್ಯಕ್ಷರೇ, ಗೆಳೆಯರೇ ಎಂದು. ಮ್ಯಾಕಲೀಸ್ ಬೆರಗಾಗಿ ಅಕ್ಕಪಕ್ಕದವರ ಮುಖ ನೋಡಿದರು. ತಮ್ಮ ಆಡಳಿತ ನೂರಾರು ವರ್ಷ ಮೂಲೆಗೆ ತಳ್ಳಿದ್ದ ಭಾಷೆಯ ಒಂದು ಸಾಲನ್ನು ರಾಣಿ ಕಲಿತು ಬಂದಿದ್ದರು. ಭಾಷೆಗಾಗಿ ಜಗಳವಾಡುವ ನಾಡಿನವರಾದ ನಮಗೆ ಆ ಸಾಲಿನ ಬೆಲೆ ಗೊತ್ತು.

ಕಾಶೆಲ್ ಪಟ್ಟಣದ ಮೇಯರ್ ಮೈಕಲ್ ಬ್ರೌನ್ ಶಿನ್ ಫೇನ್ ಪಕ್ಷದವರು. ಭೇಟಿಯನ್ನು ಪಕ್ಷವೇ ವಿರೋಧಿಸಿದ್ದರೂ ಅವರು ರಾಣಿಯ ಕೈ ಕುಲುಕಿದರು. ಮರುವರ್ಷ ಜೂನ್‌ನಲ್ಲಿ ಬೆಲ್‌ಫಾಸ್ಟಿನಲ್ಲಿ, ಒಂದು ಕಾಲಕ್ಕೆ ಐಆರ್‌ಎ ಮುಖಂಡನಾಗಿದ್ದ ಮಾರ್ಟಿನ್ ಮೆಗಿನ್ನಿಸ್ ಕೂಡ ಕುಲುಕಿದರು. ಇವೆಲ್ಲ ಸುಲಭದ ಕೆಲಸಗಳಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತಿದ್ದೇವೆ.

ಗುಂಡು ಹಾರಿತಂತೆ, ಹಾರಿಸಿದವರು ಯಾರು?

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಯಾರು ಎಂಬ ಪ್ರಶ್ನೆ. ಪೊಲೀಸರ ಪ್ರಕಟಣೆಯಲ್ಲಿ ಯಾವಾಗಲೂ ಗುಂಡು ಹಾರುತ್ತದೆ, ಯಾರೂ ಹಾರಿಸುವುದಿಲ್ಲ. ಲಾಠಿ ಬೀಸಲ್ಪಡುತ್ತದೆ, ಬೀಸಿದವರು ಇರುವುದಿಲ್ಲ. ಇದನ್ನು ಹಾಗೇ ಎತ್ತಿ ಹಾಕುವವನು ವರದಿಗಾರನಲ್ಲ, ಗುಮಾಸ್ತ.

ಈಗ ಡಬ್ಲಿನ್ ಕೋಟೆಯಲ್ಲಿ ರಾಣಿ ಆಡಿದ ಮಾತನ್ನು ನೋಡಿ. ಹಿಂದಿನ ಕಷ್ಟಕಾಲದಿಂದ ನೊಂದವರೆಲ್ಲರಿಗೆ ಅವರು ಸಹಾನುಭೂತಿ ಹೇಳಿದರು. ಹಿಂತಿರುಗಿ ನೋಡಿದರೆ ಕೆಲವನ್ನು ಬೇರೆ ರೀತಿ ಮಾಡಬಹುದಿತ್ತು, ಕೆಲವನ್ನು ಮಾಡದೇ ಇರಬಹುದಿತ್ತು ಅನ್ನಿಸುತ್ತದೆ ಎಂಬರ್ಥದ ಮಾತು ಹೇಳಿದರು. ಮಾತು ಗಂಭೀರವಾಗಿತ್ತು, ಗೌರವದಿಂದಲೂ ಕೂಡಿತ್ತು. ಆದರೆ ಅದರಲ್ಲಿ ಕರ್ತೃ ಇಲ್ಲ. ಮಾಡಿದವರು ಯಾರು, ಯಾವ ಕೆಲಸವನ್ನು ಮಾಡಬಾರದಿತ್ತು, ಆದೇಶ ಕೊಟ್ಟವರು ಯಾರು, ಅದರ ಕಾಗದ ಯಾರ ಬೀರುವಿನಲ್ಲಿದೆ? ಒಂದೂ ಇಲ್ಲ.

ಇದು ಕ್ಷಮೆಯಲ್ಲ. ಕ್ಷಮೆ ಎಂದು ರಾಣಿಯೂ ಹೇಳಿಕೊಳ್ಳಲಿಲ್ಲ. ಹಾಗೆ ಓದಿಕೊಂಡವರು ಪತ್ರಿಕೆಗಳವರು. ಹೇಳದ ಮಾತನ್ನು ಅವರ ಬಾಯಲ್ಲಿ ಇಟ್ಟು, ಆಮೇಲೆ ಐರಿಷ್ ಜನರ ಕಡೆ ತಿರುಗಿ, ಕ್ಷಮೆ ಕೇಳಿದರಲ್ಲ, ಇನ್ನೇನು ನಿಮ್ಮದು ಎಂದು ಗದರಿದವರೂ ಅವರೇ.

ಆ ದಿನಾಂಕ

ಮೇ 17 ಎಂದೆವಲ್ಲ, ಆ ದಿನಾಂಕದ ವಿಷಯಕ್ಕೆ ಬರೋಣ.

1974ರ ಮೇ 17, ಶುಕ್ರವಾರ ಸಂಜೆ. ಕೆಲಸ ಮುಗಿಸಿ ಜನ ಮನೆಗೆ ಹೊರಟ ಹೊತ್ತು. ಡಬ್ಲಿನ್ನಿನ ಮೂರು ಬೀದಿಗಳಲ್ಲಿ ಮೂರು ಕಾರು ಬಾಂಬ್ ಸಿಡಿದವು. ಒಂದೂವರೆ ಗಂಟೆಯ ನಂತರ ಗಡಿಯ ಹತ್ತಿರದ ಮೊನಹನ್ ಪಟ್ಟಣದಲ್ಲಿ ನಾಲ್ಕನೆಯದು. ಯಾವುದಕ್ಕೂ ಮುನ್ನೆಚ್ಚರಿಕೆ ಇರಲಿಲ್ಲ. ಸತ್ತವರು 33 ಮಂದಿ, ಜೊತೆಗೆ ತಾಯಿಯ ಹೊಟ್ಟೆಯಲ್ಲೇ ಹೋದ ಒಂದು ಕೂಸು. ಗಾಯಗೊಂಡವರು ಸುಮಾರು 300. ಮೂವತ್ತು ವರ್ಷಗಳ ಆ ಇಡೀ ಸಂಘರ್ಷದಲ್ಲಿ ಒಂದೇ ದಿನ ಇಷ್ಟು ಜನ ಸತ್ತದ್ದು ಬೇರೆ ಇಲ್ಲ.

ಬಾಂಬ್ ಇಟ್ಟದ್ದು ತಾವೇ ಎಂದು ಬ್ರಿಟಿಷ್ ಪರ ಸಶಸ್ತ್ರ ಗುಂಪಾದ ಯುವಿಎಫ್ ಒಪ್ಪಿಕೊಂಡದ್ದು 1993ರಲ್ಲಿ. ಬ್ರಿಟಿಷ್ ಭದ್ರತಾ ಪಡೆಗಳ ಕೆಲವರು ಅವರಿಗೆ ನೆರವಾದರೇ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. ಐರಿಷ್ ನ್ಯಾಯಮೂರ್ತಿ ಹೆನ್ರಿ ಬ್ಯಾರನ್ ತನಿಖೆ ನಡೆಸಿ 2003ರಲ್ಲಿ ವರದಿ ಕೊಟ್ಟರು. ಲಂಡನ್ನಿನಿಂದ ಬರಬೇಕಾದಷ್ಟು ಮಾಹಿತಿ ಬರಲಿಲ್ಲ ಎಂದು ಅದರಲ್ಲಿ ಬರೆದರು. ಐರ್ಲೆಂಡಿನ ಪೊಲೀಸರ ತನಿಖೆಯೂ ಅರ್ಧಕ್ಕೇ ನಿಂತಿತ್ತು, ಐರಿಷ್ ಸರಕಾರದ ಕಡತಗಳೇ ಕಾಣೆಯಾಗಿದ್ದವು ಎಂದೂ ಬರೆದರು. ಹಾಗಾಗಿ ಡಬ್ಲಿನ್ನಿನ ಸರಕಾರವನ್ನೂ ನಾವು ಸುಮ್ಮನೆ ಬಿಡುವುದಿಲ್ಲ. ತನ್ನ ಜನ ಬೀದಿಯಲ್ಲಿ ಸತ್ತಾಗ ಕಡತ ಕಳೆದುಕೊಂಡ ಸರಕಾರ, ರಾಣಿ ಬಂದಾಗ ಒಂದು ಔತಣದ ತಟ್ಟೆಯನ್ನೂ ಕಳೆದುಕೊಳ್ಳಲಿಲ್ಲ.

ಬ್ರಿಟಿಷ್ ಸರಕಾರದ ಬಳಿಯಿರುವ ಮೂಲ ದಾಖಲೆಗಳನ್ನು ಒಬ್ಬ ಸ್ವತಂತ್ರ ನ್ಯಾಯಾಧೀಶರಿಗಾದರೂ ತೋರಿಸಿ ಎಂದು ಐರಿಷ್ ಸಂಸತ್ತಿನ ಕೆಳಮನೆ ಸರ್ವಾನುಮತದಿಂದ ಕೇಳಿತು. 2008ರಲ್ಲಿ ಕೇಳಿತು. ರಾಣಿ ಬಂದ 2011ರ ಮೇ ತಿಂಗಳಲ್ಲೇ ಮತ್ತೆ ಕೇಳಿತು. 2016ರಲ್ಲಿ ಮೂರನೇ ಸಲ ಕೇಳಿತು. ಈ ಪ್ರಕರಣದಲ್ಲಿ ಇಲ್ಲಿಯವರೆಗೆ ಒಬ್ಬನಿಗೂ ಶಿಕ್ಷೆಯಾಗಿಲ್ಲ.

ರಾಣಿಯ ವಿಮಾನ ಇಳಿದದ್ದು ಆ ಸ್ಫೋಟಕ್ಕೆ 37 ವರ್ಷ ತುಂಬಿದ ದಿನ. ಸತ್ತವರ ಮನೆಯವರು ಕೇಳುತ್ತಿದ್ದದ್ದು ಹಾರವನ್ನಲ್ಲ, ಕಾಗದವನ್ನು. ಹಾರ ಬಂತು.

ಈಗ ನೀವೇ ಹೇಳಿ, ಇದು ಹಳೆಯ ಇತಿಹಾಸವೇ? ತನ್ನ ತಾಯಿಯನ್ನು ಕೊಂದವರು ಯಾರು ಎಂದು ಬದುಕಿರುವ ಮಗಳು ಕೇಳುತ್ತಿದ್ದರೆ, ಉತ್ತರದ ಒಂದು ತುಣುಕಾದರೂ ಇರಬಹುದಾದ ಕಡತ ಮುಚ್ಚಿದ ಬೀರುವಿನಲ್ಲಿದ್ದರೆ, ಅದನ್ನು ಇತಿಹಾಸ ಎನ್ನಲಾಗದು. ಅದು ನಡೆಯುತ್ತಿರುವ ಪ್ರಕರಣ.

ಮುಚ್ಚಿಡುವುದು ಅಭ್ಯಾಸ

ಮೇ 18ರಂದು ರಾಣಿ ಕ್ರೋಕ್ ಪಾರ್ಕ್ ಕ್ರೀಡಾಂಗಣಕ್ಕೂ ಹೋದರು. ಅದು ಐರಿಷರ ಸ್ವಂತ ಆಟಗಳ ಮೈದಾನ. 1920ರ ನವೆಂಬರ್ 21, ಭಾನುವಾರ. ಬೆಳಿಗ್ಗೆ ಮೈಕಲ್ ಕಾಲಿನ್ಸ್‌ನ ಆಳುಗಳು ಡಬ್ಲಿನ್ನಿನಲ್ಲಿ ಬ್ರಿಟಿಷ್ ಗುಪ್ತಚರರನ್ನು, ಕೆಲವರನ್ನು ಹಾಸಿಗೆಯಲ್ಲೇ, ಗುಂಡಿಟ್ಟು ಕೊಂದಿದ್ದರು. ಮಧ್ಯಾಹ್ನ ಡಬ್ಲಿನ್ ಮತ್ತು ಟಿಪರೇರಿ ತಂಡಗಳ ಪಂದ್ಯ ನಡೆಯುತ್ತಿದ್ದಾಗ ಸರಕಾರಿ ಪಡೆಗಳು ಮೈದಾನಕ್ಕೆ ನುಗ್ಗಿ ಪ್ರೇಕ್ಷಕರ ಮೇಲೆ ಗುಂಡು ಹಾರಿಸಿದವು. ಸತ್ತವರು 14 ಮಂದಿ. ಅವರಲ್ಲಿ 10, 11 ಮತ್ತು 14 ವರ್ಷದ ಮೂವರು ಹುಡುಗರು. ಟಿಪರೇರಿಯ ಆಟಗಾರ ಮೈಕಲ್ ಹೋಗನ್ ಮೈದಾನದಲ್ಲೇ ಸತ್ತ. ಇಂದಿಗೂ ಅಲ್ಲಿನ ಒಂದು ಗ್ಯಾಲರಿಗೆ ಆತನ ಹೆಸರಿದೆ.

ಆಗಲೇ ಮಿಲಿಟರಿ ವಿಚಾರಣೆ ನಡೆಯಿತು, ಬಾಗಿಲು ಹಾಕಿಕೊಂಡು. ಆದೇಶವಿಲ್ಲದೆ ಗುಂಡು ಹಾರಿಸಲಾಯಿತು, ಪರಿಸ್ಥಿತಿಗೆ ಬೇಕಾದ್ದಕ್ಕಿಂತ ಅತಿಯಾಯಿತು ಎಂದು ಆ ವಿಚಾರಣೆಯೇ ಹೇಳಿತು. ಆ ತೀರ್ಮಾನವನ್ನು ಸುಮಾರು 80 ವರ್ಷ ಹೊರಗೆ ಬಿಡಲಿಲ್ಲ. ಸತ್ತ ಹುಡುಗರ ಅಪ್ಪ ಅಮ್ಮಂದಿರು ಅದನ್ನು ಓದದೆಯೇ ಸತ್ತರು. ತೀರ್ಮಾನದಲ್ಲಿ ಇದ್ದದ್ದು ಅವರಿಗೆ ಮೊದಲೇ ಗೊತ್ತಿದ್ದ ವಿಷಯ. ಸರಕಾರಕ್ಕೂ ಗೊತ್ತಿತ್ತು ಎಂಬುದು ಮಾತ್ರ ಅವರಿಗೆ ಗೊತ್ತಾಗಲಿಲ್ಲ.

ಐವತ್ತೊಂದು ವರ್ಷದ ನಂತರ ಮತ್ತೊಂದು ಭಾನುವಾರ. 1972ರ ಜನವರಿ 30, ಉತ್ತರ ಐರ್ಲೆಂಡಿನ ಡೆರಿ ನಗರ. ನಾಗರಿಕ ಹಕ್ಕು ಕೇಳಿ ಮೆರವಣಿಗೆ ಹೊರಟವರ ಮೇಲೆ ಬ್ರಿಟಿಷ್ ಪ್ಯಾರಾಚೂಟ್ ಪಡೆ ಗುಂಡು ಹಾರಿಸಿತು. ಅಂದು 13 ಮಂದಿ ಸತ್ತರು, ಗಾಯಗೊಂಡಿದ್ದ ಇನ್ನೊಬ್ಬರು ಕೆಲ ತಿಂಗಳ ಬಳಿಕ ತೀರಿಕೊಂಡರು. ಲಾರ್ಡ್ ವಿಜರಿ ಎಂಬ ನ್ಯಾಯಾಧೀಶರು ಹನ್ನೊಂದೇ ವಾರದಲ್ಲಿ ವರದಿ ಕೊಟ್ಟು ಸೈನಿಕರನ್ನು ಬಹುಮಟ್ಟಿಗೆ ಖುಲಾಸೆ ಮಾಡಿದರು. ಅದೇ ವರ್ಷ ಆ ಪಡೆಯ ಕಮಾಂಡರ್‌ಗೆ ರಾಣಿಯ ಹೆಸರಿನಲ್ಲಿ ಒಬಿಇ ಗೌರವವೂ ಸಿಕ್ಕಿತು. ಸತ್ತವರು ನಿರಪರಾಧಿಗಳು ಎಂದು ಸರಕಾರಿ ಕಾಗದದ ಮೇಲೆ ಬರಲು 2010ರ ಜೂನ್‌ವರೆಗೆ, ಸಾವಿಲ್ ವರದಿಯವರೆಗೆ, ಕಾಯಬೇಕಾಯಿತು. ಅಂದು ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ನಿಂತು, ನಡೆದದ್ದು ಯಾವ ರೀತಿಯಲ್ಲೂ ಸಮರ್ಥಿಸಲಾಗದ್ದು ಎಂದು ಹೇಳಿ ಕ್ಷಮೆ ಕೇಳಿದರು.

ಡೆರಿಯ ಚೌಕದಲ್ಲಿ ಜನ ಆ ಮಾತು ಕೇಳಿ ಅತ್ತರು, ಚಪ್ಪಾಳೆ ತಟ್ಟಿದರು. ಗಮನಿಸಿ, ಅದು ಕ್ಷಮೆಯಾಗಿ ಜನರಿಗೆ ಮುಟ್ಟಿದ್ದಕ್ಕೆ ಕಾರಣವಿದೆ. ಅದರ ಹಿಂದೆ ಹನ್ನೆರಡು ವರ್ಷದ ವಿಚಾರಣೆ ಇತ್ತು, ನೂರಾರು ಸಾಕ್ಷಿಗಳ ಹೇಳಿಕೆ ಇತ್ತು, ಯಾರು ಎಂಬ ಪ್ರಶ್ನೆಗೆ ಉತ್ತರವಿತ್ತು. ಸತ್ಯ ಮೊದಲು ಬಂತು, ಕ್ಷಮೆ ಆಮೇಲೆ ಬಂತು. ಹಾಗೆ ಬಂದರೆ ಜನ ಒಪ್ಪುತ್ತಾರೆ. ಐರಿಷರು ಜಗಳಗಂಟರು, ಮರೆಯುವುದೇ ಇಲ್ಲ ಎಂದು ಲಂಡನ್ನಿನ ಅಂಕಣಕಾರರು ಬರೆಯುವುದು ಸುಳ್ಳು ಎಂಬುದಕ್ಕೆ ಡೆರಿಯ ಚೌಕವೇ ಸಾಕ್ಷಿ.

ಇಷ್ಟಾದ ಮೇಲಾದರೂ ಪಾಠ ಕಲಿತರೇ? 2023ರಲ್ಲಿ ಬ್ರಿಟನ್ನಿನ ಸಂಸತ್ತು ಉತ್ತರ ಐರ್ಲೆಂಡಿನ ಸಂಘರ್ಷ ಕಾಲದ ಪ್ರಕರಣಗಳ ಬಗ್ಗೆ ಹೊಸ ಕಾನೂನು ತಂದಿತು. ಮಾಹಿತಿ ಕೊಟ್ಟರೆ ಆರೋಪಿಗೆ ರಕ್ಷಣೆ. ಹೊಸ ಸಿವಿಲ್ ದಾವೆಗೆ ಅವಕಾಶವಿಲ್ಲ. ಸಾವಿನ ವಿಚಾರಣೆಗಳಿಗೂ ತಡೆ. ಕಾನೂನಿನ ಹೆಸರಿನಲ್ಲಿ ಸೌಹಾರ್ದ ಎಂಬ ಪದವೂ ಇದೆ. ಉತ್ತರ ಐರ್ಲೆಂಡಿನ ದೊಡ್ಡ ಪಕ್ಷಗಳೆಲ್ಲ ವಿರೋಧಿಸಿದವು. ಪರಸ್ಪರ ಮುಖ ನೋಡದವರೂ ಇದರಲ್ಲಿ ಒಂದಾದರು. ಐರ್ಲೆಂಡ್ ಸರಕಾರ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಯಿತು. ಆರೋಪಿಗಳಿಗೆ ಕೊಟ್ಟ ರಕ್ಷಣೆ ಮಾನವ ಹಕ್ಕಿಗೆ ವಿರುದ್ಧ ಎಂದು ಬೆಲ್‌ಫಾಸ್ಟಿನ ಹೈಕೋರ್ಟ್ 2024ರ ಫೆಬ್ರವರಿಯಲ್ಲಿ ಹೇಳಿತು. ಆಮೇಲೆ ಬಂದ ಲೇಬರ್ ಸರಕಾರ ಇದನ್ನು ತೆಗೆದು ಬೇರೆ ವ್ಯವಸ್ಥೆ ತರುವುದಾಗಿ ಹೇಳಿದೆ.

ಆ ಕಾನೂನಿಗೆ ರಾಜಮುದ್ರೆ ಬಿದ್ದದ್ದು 2023ರ ಸೆಪ್ಟೆಂಬರ್‌ನಲ್ಲಿ, ಮೂರನೇ ಚಾರ್ಲ್ಸ್ ಹೆಸರಿನಲ್ಲಿ. ತಾಯಿ ಡಬ್ಲಿನ್ನಿನಲ್ಲಿ ತಲೆ ಬಾಗಿದರು, ಹನ್ನೆರಡು ವರ್ಷದ ಬಳಿಕ ಮಗನ ಹೆಸರಿನಲ್ಲಿ ಬಾಗಿಲು ಹಾಕಲಾಯಿತು.

ರಾಜನಿಗೆ ಅಧಿಕಾರವಿಲ್ಲ, ಸಂಸತ್ತು ಹೇಳಿದಂತೆ ಸಹಿ ಹಾಕುತ್ತಾರಷ್ಟೆ ಎಂದು ಹೇಳುವವರು ಇದ್ದೇ ಇರುತ್ತಾರೆ. ಸರಿ, ಒಪ್ಪಿದೆವು. ಹಾಗಾದರೆ ಹಾರ ಇಡುವಾಗಲೂ ಅವರಿಗೆ ಅಧಿಕಾರವಿಲ್ಲ. ಸಹಿಯನ್ನು ಸರಕಾರದ ಲೆಕ್ಕಕ್ಕೂ ಬಾಗಿದ ತಲೆಯನ್ನು ರಾಜಮನೆತನದ ದೊಡ್ಡಗುಣದ ಲೆಕ್ಕಕ್ಕೂ ಬರೆದರೆ ಅದು ಯಾವ ಸೀಮೆಯ ಲೆಕ್ಕ?

ಭೇಟಿ ಯಾವತ್ತೂ ಬರೀ ಭೇಟಿಯಾಗಿರಲಿಲ್ಲ

ರಾಜರು ಬಂದಾಗ ಐರ್ಲೆಂಡಿನಲ್ಲಿ ವಾದ ಎದ್ದದ್ದು 2011ರಲ್ಲಿ ಮೊದಲಲ್ಲ. 1821ರಲ್ಲಿ ನಾಲ್ಕನೇ ಜಾರ್ಜ್ ಬಂದು ಹೋದ ನೆನಪಿಗೆ ಡನ್ ಲೀರಿ ಎಂಬ ಬಂದರಿನ ಹೆಸರನ್ನೇ ಅಳಿಸಿ ಕಿಂಗ್ಸ್‌ಟೌನ್ ಎಂದಿಟ್ಟರು. 1849ರಲ್ಲಿ ವಿಕ್ಟೋರಿಯಾ ಬಂದಿಳಿದ ಕೋವ್ ಬಂದರು ಕ್ವೀನ್ಸ್‌ಟೌನ್ ಆಯಿತು. ಒಬ್ಬರು ಹಡಗಿನಿಂದ ಇಳಿದರೆ ಊರಿಗೆ ಊರೇ ಹೆಸರು ಕಳೆದುಕೊಳ್ಳಬೇಕಿತ್ತು. ನೂರು ವರ್ಷದ ಹಿಂದೆ ಹೋರಾಟದ ಕಾಲದಲ್ಲಿ ಆ ಊರುಗಳು ತಮ್ಮ ಹೆಸರನ್ನು ವಾಪಸ್ ಪಡೆದವು.

ವಿಕ್ಟೋರಿಯಾ ಬಂದ 1849 ಎಂಥ ವರ್ಷ? ಆಲೂಗೆಡ್ಡೆಗೆ ರೋಗ ಬಿದ್ದು 1845ರಲ್ಲಿ ಶುರುವಾದ ಮಹಾಕ್ಷಾಮ ಇನ್ನೂ ಮುಗಿದಿರಲಿಲ್ಲ. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿದರು. 1841ರಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿಯಿತು. ಜನ ಸಾಯುತ್ತಿದ್ದಾಗಲೂ ಧಾನ್ಯ, ದನ, ಬೆಣ್ಣೆ ಬಂದರಿನಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ವಿಕ್ಟೋರಿಯಾ ಐದು ಪೌಂಡ್ ಮಾತ್ರ ಕೊಟ್ಟಳು ಎಂಬ ಕತೆ ಐರ್ಲೆಂಡಿನಲ್ಲಿ ಇಂದಿಗೂ ಓಡಾಡುತ್ತದೆ. ಅದು ಸುಳ್ಳು. ಕೊಟ್ಟದ್ದು 2,000 ಪೌಂಡ್. ನಮ್ಮ ಕಡೆಯ ವಾದಕ್ಕೆ ಅನುಕೂಲ ಎಂದು ಸುಳ್ಳನ್ನು ನಾವು ಎತ್ತಿಕೊಳ್ಳುವುದಿಲ್ಲ. ಅದರ ಅಗತ್ಯವೂ ಇಲ್ಲ. ಪ್ರಶ್ನೆ ದಾನದ್ದಲ್ಲ, ಆಡಳಿತದ್ದು.

ಆ ಕ್ಷಾಮದ ಪರಿಹಾರದ ಹಣದ ಹಿಡಿತ ಲಂಡನ್ ಖಜಾನೆಯ ಚಾರ್ಲ್ಸ್ ಟ್ರೆವೆಲ್ಯನ್ ಕೈಯಲ್ಲಿತ್ತು. ಜನ ಸರಕಾರದ ಮೇಲೆ ಅವಲಂಬಿಸುವುದನ್ನು ಕಲಿತುಬಿಟ್ಟಾರು ಎಂಬುದೇ ಆತನ ದೊಡ್ಡ ಚಿಂತೆ. ಕೆಲಸ ಮೊದಲು ಭಾರತದಲ್ಲಿ ಕಲಿತವನು, ಐರ್ಲೆಂಡಿನ ನಂತರ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದವನು. ಆ ಚಿಂತನೆಯ ರುಚಿ ನಮ್ಮವರಿಗೂ ಸಿಕ್ಕಿತು. 1876–78ರ ಧಾತು ಈಶ್ವರ ಬರದ ಹೆಸರನ್ನು ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ಕೇಳಿದವರಿದ್ದೀರಿ. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರ ಗಣತಿಯ ಹೊತ್ತಿಗೆ 42 ಲಕ್ಷ. ಆ ಬರದ ನಡುವೆಯೇ, 1877ರ ಜನವರಿ 1ರಂದು, ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ಅಲ್ಲಿ ಕ್ಷಾಮದಲ್ಲಿ ಭೇಟಿ, ಇಲ್ಲಿ ಬರದಲ್ಲಿ ದರ್ಬಾರು.

1900ರಲ್ಲಿ ವಿಕ್ಟೋರಿಯಾ ಮತ್ತೆ ಡಬ್ಲಿನ್ನಿಗೆ ಬಂದಾಗ ಬೋಯರ್ ಯುದ್ಧ ನಡೆಯುತ್ತಿತ್ತು, ಸೈನ್ಯಕ್ಕೆ ಐರಿಷ್ ಹುಡುಗರು ಬೇಕಿದ್ದರು. ಮಾಡ್ ಗಾನ್ ಎಂಬ ಹೋರಾಟಗಾರ್ತಿ ಆಕೆಯನ್ನು ಕ್ಷಾಮದ ರಾಣಿ ಎಂದು ಕರೆದು ಲೇಖನ ಬರೆದಳು. ಪೊಲೀಸರು ಪತ್ರಿಕೆಯ ಪ್ರತಿಗಳನ್ನೇ ಎತ್ತಿಕೊಂಡು ಹೋದರು. ರಾಣಿಗಾಗಿ ಮಕ್ಕಳಿಗೆ ಸಿಹಿ ಹಂಚಿದರೆ, ಅಲ್ಲಿಗೆ ಹೋಗದ ಸಾವಿರಾರು ಮಕ್ಕಳಿಗೆ ಮಾಡ್ ಗಾನ್ ಮತ್ತು ಗೆಳತಿಯರು ಬೇರೆಯೇ ಹಬ್ಬ ಮಾಡಿದರು. 1903ರಲ್ಲಿ ಏಳನೇ ಎಡ್ವರ್ಡ್ ಬಂದಾಗ ಬಿನ್ನವತ್ತಳೆ ಕೊಡಬೇಕೇ ಎಂದು ಡಬ್ಲಿನ್ ನಗರಸಭೆಯಲ್ಲಿ ಮತ ಹಾಕಿದರು. 40 ಮತ ಬೇಡ, 37 ಮತ ಬೇಕು. ಕೊಡಲಿಲ್ಲ. ಸ್ವಾತಂತ್ರ್ಯ ಬರುವುದಕ್ಕೂ ಎಷ್ಟೋ ವರ್ಷ ಮೊದಲು, ರಾಜನ ಪೊಲೀಸರ ಕಣ್ಣೆದುರಿನಲ್ಲೇ ಹೀಗೆ ಬೇಡ ಎಂದ ನಗರಸಭೆಯದು. ಇಂದು ಅಲ್ಲಿ ಯಾರಾದರೂ ತಕರಾರು ತೆಗೆದರೆ ಅಸಭ್ಯ ಎನ್ನುವವರು ಇದನ್ನು ಓದಬೇಕು.

ಕ್ಷಾಮದ ವಿಷಯದಲ್ಲೂ ಒಂದು ಕ್ಷಮೆಯ ಕತೆಯಿದೆ. 1997ರ ಜೂನ್‌ನಲ್ಲಿ ಕಾರ್ಕ್ ಜಿಲ್ಲೆಯ ಮಿಲ್‌ಸ್ಟ್ರೀಟ್‌ನಲ್ಲಿ ಕ್ಷಾಮದ ನೆನಪಿನ ಕಾರ್ಯಕ್ರಮ. ಹೊಸದಾಗಿ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಹೆಸರಿನ ಸಂದೇಶವನ್ನು ನಟರೊಬ್ಬರು ಓದಿದರು. ಲಂಡನ್ನಿನಲ್ಲಿ ಆಳಿದವರು ತಮ್ಮ ಜನರ ಕೈಬಿಟ್ಟರು ಎಂಬರ್ಥದ ಸಾಲು ಅದರಲ್ಲಿತ್ತು. ನೋಡಿ, ಇಲ್ಲಿ ಕರ್ತೃ ಇದೆ! ಜನ ಮೆಚ್ಚಿದರು. 2021ರಲ್ಲಿ ಹಳೆಯ ಸರಕಾರಿ ಕಾಗದಗಳು ಹೊರಬಂದಾಗ ಗೊತ್ತಾಯಿತು, ಅದನ್ನು ಬರೆದವರು ಅಧಿಕಾರಿಗಳು, ಬ್ಲೇರ್ ಕೈಗೆ ಸಿಗದಿದ್ದರಿಂದ ಅವರು ನೋಡುವ ಮೊದಲೇ ಕಳಿಸಿಬಿಟ್ಟಿದ್ದರು ಎಂದು. ಸರಿಯಾದ ಮಾತು ಸಹಿ ಮಾಡಬೇಕಾದವರ ಕಣ್ಣು ತಪ್ಪಿಸಿ ಹೊರಟಿತ್ತು.

ಇನ್ನೊಂದು ಕಡೆಯ ಲೆಕ್ಕ

ನಮ್ಮನ್ನು ಕೇಳಬಹುದು, ಐಆರ್‌ಎ ಕೊಂದವರ ಲೆಕ್ಕ ಎಲ್ಲಿ ಎಂದು. ಕೇಳಲೇಬೇಕು. 1979ರ ಆಗಸ್ಟ್ 27ರಂದು ಸ್ಲೈಗೊ ಕರಾವಳಿಯ ಮುಲ್ಲಾಮೋರ್‌ನಲ್ಲಿ ದೋಣಿಗೆ ಬಾಂಬ್ ಇಟ್ಟು ಮೌಂಟ್‌ಬ್ಯಾಟನ್‌ರನ್ನು ಕೊಂದರು. ನಮ್ಮ ಕೊನೆಯ ವೈಸರಾಯ್ ಆಗಿದ್ದ ಅದೇ ಮೌಂಟ್‌ಬ್ಯಾಟನ್. ಅವರ ಜೊತೆ ಸತ್ತವರಲ್ಲಿ 14 ವರ್ಷದ ಮೊಮ್ಮಗನೂ 15 ವರ್ಷದ ಸ್ಥಳೀಯ ಹುಡುಗನೂ 83 ವರ್ಷದ ವೃದ್ಧೆಯೂ ಇದ್ದರು. ಇದನ್ನು ಹೋರಾಟ ಎನ್ನಲು ನಮಗೆ ನಾಲಿಗೆ ಬರುವುದಿಲ್ಲ. ಐಆರ್‌ಎ ಅಪಹರಿಸಿ ಕೊಂದು ಗುಟ್ಟಾಗಿ ಹೂತವರಲ್ಲಿ ಕೆಲವರ ಶವ ಇಂದಿಗೂ ಸಿಕ್ಕಿಲ್ಲ. ಜಾಗ ಬಲ್ಲವರು ಬಾಯಿ ಬಿಡಬೇಕು. ಬೀರುವಿನಲ್ಲಿ ಕಾಗದ ಮುಚ್ಚಿಟ್ಟವರಿಗೂ ಜೌಗಿನಲ್ಲಿ ಹೆಣ ಮುಚ್ಚಿಟ್ಟವರಿಗೂ ನಾವು ಕೇಳುವುದು ಒಂದೇ ಪ್ರಶ್ನೆ.

2015ರಲ್ಲಿ ಚಾರ್ಲ್ಸ್ ಮುಲ್ಲಾಮೋರ್‌ಗೆ ಹೋದರು. ಅದಕ್ಕೆ ಮುಂಚೆ ಗಾಲ್ವೇಯಲ್ಲಿ ಶಿನ್ ಫೇನ್‌ನ ಜೆರ್ರಿ ಆಡಮ್ಸ್ ಕೈ ಕುಲುಕಿದರು. ತನ್ನ ದುಃಖದಿಂದಾಗಿ ಇಲ್ಲಿನ ಇತರರ ಸಂಕಟವೂ ಅರ್ಥವಾಯಿತು ಎಂಬರ್ಥದಲ್ಲಿ ಮಾತಾಡಿದರು. ಅವರ ದುಃಖ ನಿಜವಾದದ್ದು, ಅದನ್ನು ನಾವು ಹಗುರ ಮಾಡುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇವೆ. ಮೌಂಟ್‌ಬ್ಯಾಟನ್ ಕೊಲೆಯಾದ ಮೂರೇ ತಿಂಗಳಿಗೆ ಡಬ್ಲಿನ್ನಿನ ನ್ಯಾಯಾಲಯ ಒಬ್ಬನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಡಬ್ಲಿನ್, ಮೊನಹನ್ ಬೀದಿಗಳಲ್ಲಿ ಸತ್ತವರ ಮನೆಯವರಿಗೆ ಐವತ್ತು ವರ್ಷ ಕಳೆದರೂ ಅದು ಸಿಕ್ಕಿಲ್ಲ. ಅರಮನೆಯ ದುಃಖಕ್ಕೆ ಸಿಕ್ಕಿದ್ದು ಬೀದಿಯ ದುಃಖಕ್ಕೂ ಸಿಗಲಿ ಎನ್ನುವುದು ಹಗೆತನವೇ?

ಐರಿಷರೆಲ್ಲ ಸಾಮ್ರಾಜ್ಯದ ಬಲಿಪಶುಗಳು ಎಂಬ ಸುಲಭದ ಚಿತ್ರವೂ ನಮಗೆ ಬೇಡ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆದಾಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದು, ಡಯರ್‌ನನ್ನು ಸಮರ್ಥಿಸಿಕೊಂಡ ಮೈಕಲ್ ಓಡ್ವಯರ್ ಟಿಪರೇರಿಯವನು. ಕ್ರೋಕ್ ಪಾರ್ಕಿನಲ್ಲಿ ಸತ್ತ ಆಟಗಾರನ ಜಿಲ್ಲೆಯೇ. ಅದೇ 1920ರಲ್ಲಿ ಜಲಂಧರ್ ಮತ್ತು ಸೋಲನ್‌ಗಳಲ್ಲಿದ್ದ ಕನಾಟ್ ರೇಂಜರ್ಸ್‌ನ ಐರಿಷ್ ಸೈನಿಕರು, ನಮ್ಮ ಊರಿನಲ್ಲಿ ಬ್ರಿಟಿಷ್ ಪಡೆಗಳು ಮಾಡುತ್ತಿರುವುದನ್ನು ಕೇಳಿದ ಮೇಲೆ ನಾವು ಬಂದೂಕು ಹಿಡಿಯುವುದಿಲ್ಲ ಎಂದು ಆಯುಧ ಕೆಳಗಿಟ್ಟರು. ಅವರಲ್ಲಿ ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ಹಿಮಾಚಲದ ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. ಆತನ ದೇಹ ಊರಿಗೆ ಮರಳಿದ್ದು 1970ರಲ್ಲಿ. ಐರಿಷರಲ್ಲಿ ಓಡ್ವಯರ್‌ಗಳೂ ಇದ್ದರು, ಡೇಲಿಗಳೂ ಇದ್ದರು. ಅದಕ್ಕೇ ನಾವು ಜನಾಂಗದ ಮೇಲೆ ಬೆರಳು ತೋರಿಸುತ್ತಿಲ್ಲ. ಹೆಸರು, ಆದೇಶ, ಕಾಗದ ಕೇಳುತ್ತಿದ್ದೇವೆ.

ನಮಗೂ ಈ ಹಾರದ ಅನುಭವವಿದೆ. 1997ರ ಅಕ್ಟೋಬರ್‌ನಲ್ಲಿ ಇದೇ ರಾಣಿ ಅಮೃತಸರಕ್ಕೆ ಬಂದು, ಜಲಿಯನ್‌ವಾಲಾ ಬಾಗ್‌ನಲ್ಲಿ ಹಾರ ಇಟ್ಟು ಮೌನವಾಗಿ ನಿಂತರು. ಇತಿಹಾಸವನ್ನು ತಿದ್ದಿ ಬರೆಯಲಾಗದು ಎಂದು ಅದಕ್ಕೂ ಮೊದಲು ದಿಲ್ಲಿಯಲ್ಲಿ ಹೇಳಿದ್ದರು. ಕ್ಷಮೆ ಕೇಳಲಿಲ್ಲ. ಸ್ಮಾರಕದ ಫಲಕದಲ್ಲಿದ್ದ ಸತ್ತವರ ಸಂಖ್ಯೆ ಅತಿಯಾಯಿತು ಎಂದು ಅವರ ಗಂಡ ಫಿಲಿಪ್ ಅಲ್ಲೇ ತಕರಾರು ತೆಗೆದದ್ದು ಸುದ್ದಿಯಾಯಿತು. 2019ರಲ್ಲಿ, ನೂರು ವರ್ಷ ತುಂಬಿದಾಗ, ಬ್ರಿಟಿಷ್ ಪ್ರಧಾನಿ ವಿಷಾದ ಎಂದರು. ಕ್ಷಮೆ ಎಂಬ ಪದ ಆಗಲೂ ಬರಲಿಲ್ಲ.

ಮುಂದೊಂದು ದಿನ ರಾಜ ಚಾರ್ಲ್ಸ್ ಆಗಲಿ, ಅವರ ಮಗನಾಗಲಿ ಡಬ್ಲಿನ್ನಿಗೆ ಹೋಗುತ್ತಾರೆ. ಹೋಗಲಿ, ಊಟ ಮಾಡಲಿ, ಮೊದಲ ಸಾಲನ್ನು ಐರಿಷ್‌ನಲ್ಲೇ ಆಡಲಿ. ಸಾಧ್ಯವಾದರೆ ಟಾಲ್ಬಟ್ ಬೀದಿಯ ಸ್ಮಾರಕದ ಮುಂದೆಯೂ ಒಂದು ನಿಮಿಷ ನಿಲ್ಲಲಿ. 1974ರಲ್ಲಿ ಸತ್ತವರ ಹೆಸರುಗಳು ಅಲ್ಲಿ ಕಲ್ಲಿನ ಮೇಲಿವೆ. ಆ ದಿನ ವರದಿ ಮಾಡಲು ಹೋಗುವ ನಮ್ಮ ವೃತ್ತಿಯವರಿಗೆ ಒಂದು ವಿನಂತಿ. ಟೋಪಿಯ ಬಣ್ಣ ಬರೆಯಿರಿ, ತಲೆ ಎಷ್ಟು ಬಾಗಿತು ಎಂದೂ ಬರೆಯಿರಿ. ಅದಾದ ಮೇಲೆ ಜೊತೆಯಲ್ಲಿ ಬಂದ ಮಂತ್ರಿಯನ್ನು ಹಿಡಿದು ನಿಲ್ಲಿಸಿ, 1974ರ ಕಡತ ಯಾವ ತಾರೀಖಿಗೆ ಕೊಡುತ್ತೀರಿ ಎಂದು ಕೇಳಿ. ಅವರು ಕೊಟ್ಟ ಉತ್ತರವನ್ನು ಫೋಟೊದ ಕೆಳಗೆ ಹಾಕಿ. ಉತ್ತರ ಕೊಡದೆ ಹೋದರೆ ಅದನ್ನೂ ಹಾಕಿ.